ವ್ಯಾಯಾಮದ ತಾಸಿನಲ್ಲಿ ಸೋಲುವವರು ಮಕ್ಕಳೇ, ನಾವೇ?

ವಾರ್ಷಿಕ ಪರೀಕ್ಷೆಗಳ ಫಲಿತಾಂಶ ಹೊರಬಿದ್ದೊಡನೆ ಯಾವ ಊರಿನಲ್ಲಿ ಎಷ್ಟು ಮಂದಿ ತೇರ್ಗಡೆಯಾದರು, ಯಾವ ಜಿಲ್ಲೆ ಮುಂದೆ, ಯಾವುದು ಹಿಂದೆ ಎಂಬ ಲೆಕ್ಕಾಚಾರವು ಬಹು ಬಿರುಸಿನಿಂದ ಸಾಗುತ್ತದೆ. ಆದರೆ ಹತ್ತು ವರ್ಷ ಶಾಲೆಯಲ್ಲಿ ಕಳೆದ ಹುಡುಗನು ಅರ್ಧ ಮೈಲನ್ನು ಏದುಸಿರಿಲ್ಲದೆ ಓಡಬಲ್ಲನೇ, ಹುಡುಗಿಯು ತನ್ನ ಕೈಹಿಡಿದೆಳೆದ ದುಷ್ಟನಿಂದ ಬಿಡಿಸಿಕೊಳ್ಳಬಲ್ಲಳೇ ಎಂದು ಕೇಳುವವರೇ ಇಲ್ಲ. ಈ ಪ್ರಶ್ನೆಯನ್ನು ವಾಚಕರ ಮುಂದೆ, ಅದರಲ್ಲಿಯೂ ಉಪಾಧ್ಯಾಯ ಬಂಧುಗಳ ಮುಂದೆ, ಇಂದು ಇಡಬಯಸುತ್ತೇವೆ.

ಈಚೆಗೆ ನಾವು ಒಂದು ಪ್ರೌಢಶಾಲೆಗೆ ಹೋಗಿದ್ದೆವು. ಗೋಡೆಯ ಮೇಲಿನ ವೇಳಾಪಟ್ಟಿಯ ಪ್ರಕಾರ ಆ ತಾಸು ವ್ಯಾಯಾಮದ್ದು. ಕೊಠಡಿಯಲ್ಲಿ ನಡೆಯುತ್ತಿದ್ದುದು ಬೀಜಗಣಿತ. ವಿಚಾರಿಸಲಾಗಿ, "ಪರೀಕ್ಷೆ ಹತ್ತಿರ ಬಂತಲ್ಲ ಸ್ವಾಮಿ" ಎಂಬ ಉತ್ತರ ದೊರೆಯಿತು. ಇನ್ನೊಂದು ತರಗತಿಯೇನೋ ಬಯಲಿನಲ್ಲಿತ್ತು. ಅಲ್ಲಿ ಹತ್ತು ಹನ್ನೆರಡು ಮಂದಿ ಚುರುಕು ಹುಡುಗರು ಕಬಡ್ಡಿ ಆಡುತ್ತಿದ್ದರು. ಉಳಿದ ನಾಲ್ವತ್ತು ಮಂದಿ ಹೊಂಗೆಯ ನೆರಳಿನಲ್ಲಿ ಕುಳಿತು ನೋಡುತ್ತಿದ್ದರು. ಹೆಣ್ಣುಮಕ್ಕಳೆಲ್ಲರೂ ಆ ನಾಲ್ವತ್ತರಲ್ಲಿಯೇ ಇದ್ದರು. "ಇವರೇಕೆ ಆಡುವುದಿಲ್ಲ?" ಎಂದು ಕೇಳಿದೆವು. "ಇವರಿಗೆ ಬರುವುದಿಲ್ಲ" ಎಂದರು.

ಬರುವುದಿಲ್ಲ! ಈ ಒಂದು ಮಾತಿನಲ್ಲಿಯೇ ರೋಗದ ಮೂಲವಿದೆ. ಲೆಕ್ಕ ಬಾರದ ಹುಡುಗನನ್ನು ಮರದ ಕೆಳಗೆ ಕೂರಿಸಿ, ಬಲ್ಲವರು ಲೆಕ್ಕ ಮಾಡುವುದನ್ನು ನೋಡುತ್ತಿರು ಎಂದು ಯಾವ ಉಪಾಧ್ಯಾಯನೂ ಹೇಳುವುದಿಲ್ಲ. ಬಾರದವನಿಗೆ ಕಲಿಸುವುದಕ್ಕೇ ಶಾಲೆ. ದೇಹದ ವಿಷಯದಲ್ಲಿ ಮಾತ್ರ, ಶಕ್ತಿಯು ಹುಟ್ಟಿನಿಂದ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂಬ ಭ್ರಾಂತಿಯನ್ನು ನಾವು ಕಟ್ಟಿಕೊಂಡಿದ್ದೇವೆ.

ನಮ್ಮ ಪೂರ್ವಿಕರಿಗೆ ಈ ಭ್ರಾಂತಿ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಉಂಟು. ಅಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿದೆ. ಅವರ ಆಹಾರವನ್ನೂ ಅಭ್ಯಾಸಕ್ರಮವನ್ನೂ ಹೇಳಿದೆ. ಮೈಸೂರಿನ ಗರಡಿಗಳಲ್ಲಿ ಉಳಿದುಬಂದ ಪದ್ಧತಿಯೂ ಇದೇ. ಬಡಕಲು ಹುಡುಗನು ಬಂದ ದಿನವೇ ಉಸ್ತಾದನು ಅವನನ್ನು ಮಟ್ಟಿಗಿಳಿಸಿ ಪೈಲ್ವಾನನ ಕೈಗೆ ಕೊಡುವುದಿಲ್ಲ. ಮೊದಲು ಕೆಲವು ದಂಡೆ, ಕೆಲವು ಬಸ್ಕಿ. ದಿನ ಕಳೆದಂತೆ ಎಣಿಕೆ ಏರುತ್ತದೆ. ಸರಿಜೋಡಿ ಸಿಕ್ಕಮೇಲೆ ಪಟ್ಟು. ೧೯೨೩ರ ಕಾಕಿನಾಡ ಕಾಂಗ್ರೆಸ್ಸಿನ ಕಾಲಕ್ಕೆ ಡಾಕ್ಟರ್ ನಾ. ಸು. ಹರ್ಡೀಕರರು ಕಟ್ಟಿದ, ಮುಂದೆ ಸೇವಾದಳವೆಂದು ಹೆಸರಾದ ಸಂಸ್ಥೆಯು ಕವಾಯತನ್ನು ಕಲಿಸಿದ್ದು ಜಟ್ಟಿಗಳಿಗಲ್ಲ, ಸಾಮಾನ್ಯ ತರುಣರಿಗೆ. ಆ ಸ್ವಯಂಸೇವಕರೇ ೧೯೨೪ರ ಬೆಳಗಾವಿ ಅಧಿವೇಶನದ ವ್ಯವಸ್ಥೆಗೆ ಹೆಗಲು ಕೊಟ್ಟರು.

ಹಾಗಾದರೆ ಅಂಗಸಾಧನೆಯಲ್ಲಿ ವಿದ್ಯಾರ್ಥಿಯ ಗೆಲುವು ಯಾವುದನ್ನು ಅವಲಂಬಿಸಿದೆ? ಮೊದಲನೆಯದಾಗಿ, ಅವನನ್ನು ಯಾರೊಡನೆ ಹೋಲಿಸುತ್ತೇವೆ ಎಂಬುದನ್ನು. ತರಗತಿಯ ಅತಿ ವೇಗದ ಓಟಗಾರನೊಡನೆ ಹೋಲಿಸಿದರೆ ಒಬ್ಬನು ಗೆದ್ದು ಐವತ್ತು ಮಂದಿ ಸೋಲುತ್ತಾರೆ. ಸೋತವರು ನಾಚಿ ನೆರಳು ಸೇರುತ್ತಾರೆ. ಅವನ ಕಳೆದ ತಿಂಗಳಿನ ಓಟದೊಡನೆ ಈ ತಿಂಗಳಿನ ಓಟವನ್ನು ಹೋಲಿಸಿದರೆ ಐವತ್ತು ಮಂದಿಯೂ ಗೆಲ್ಲಬಹುದು. ತನ್ನ ಏಳಿಗೆಯನ್ನು ತಾನೇ ಕಾಣುವ ಮಗುವು ಅಭ್ಯಾಸವನ್ನು ಬಿಡುವುದಿಲ್ಲವೆಂದು ಇಂದಿನ ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ.

ಎರಡನೆಯದು, ಕಲಿಸುವವನ ಯೋಗ್ಯತೆ. ಕರಾಟೆ, ಕುಸ್ತಿ, ದೊಣ್ಣೆವರಸೆಗಳಂತಹ ಕಾಳಗದ ವಿದ್ಯೆಯಲ್ಲಿ ಇದು ಎರಡು ಪಾಲು ಮುಖ್ಯ. ಇವನ್ನು ಕಲಿತ ಹುಡುಗರು ಜಗಳಗಂಟರಾಗುವುದಿಲ್ಲವೇ ಎಂದು ಪೋಷಕರು ಅಂಜುತ್ತಾರೆ. ಅಂಜಿಕೆ ನಿರಾಧಾರವಲ್ಲ, ಆದರೆ ಉತ್ತರವೂ ಉಂಟು. ಅಮೆರಿಕೆಯಲ್ಲಿ ಟ್ರಲ್ಸನ್ ಎಂಬ ವಿದ್ವಾಂಸನು ದಾರಿತಪ್ಪಿದ ೩೪ ಹುಡುಗರನ್ನು ಮೂರು ಗುಂಪು ಮಾಡಿ ಆರು ತಿಂಗಳು ಪರೀಕ್ಷಿಸಿ ೧೯೮೬ರಲ್ಲಿ ಫಲವನ್ನು ಪ್ರಕಟಿಸಿದನು. ಒಂದು ಗುಂಪಿಗೆ ಟೇಕ್ವಾಂಡೋ ವಿದ್ಯೆಯನ್ನು ಧ್ಯಾನ, ವಿನಯ, ನೀತಿಬೋಧೆಗಳೊಡನೆ ಕಲಿಸಲಾಯಿತು. ಇನ್ನೊಂದಕ್ಕೆ ಬರಿಯ ಹೊಡೆದಾಟವಾಗಿ. ಮೂರನೆಯದಕ್ಕೆ ಓಟ, ಚೆಂಡಾಟ ಮಾತ್ರ. ಮೊದಲನೆಯ ಗುಂಪಿನ ಹುಡುಗರ ಆಕ್ರಮಣಬುದ್ಧಿ ಇಳಿಯಿತು, ಎರಡನೆಯದರಲ್ಲಿ ಏರಿತು. ಪರೀಕ್ಷೆಗೊಳಗಾದವರ ಸಂಖ್ಯೆ ಚಿಕ್ಕದು, ಅದನ್ನೇ ವೇದವಾಕ್ಯವೆನ್ನಲಾಗದು. ಆದರೂ ವಿದ್ಯೆ ಒಂದೇ ಆದರೂ ಗುರುವಿನ ಕ್ರಮದಿಂದ ಫಲ ತಲೆಕೆಳಗಾಗಬಲ್ಲದೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಜಪಾನಿನಿಂದ ಇನ್ನೂ ಕಹಿಯಾದ ಪಾಠವೊಂದಿದೆ. ಅಲ್ಲಿ ೨೦೧೨ರಿಂದ ಮಾಧ್ಯಮಿಕ ಶಾಲೆಗಳಲ್ಲಿ ಜೂಡೋ, ಕೆಂಡೋ ಮೊದಲಾದ ಯುದ್ಧವಿದ್ಯೆಗಳು ಕಡ್ಡಾಯವಾದವು. ಆದರೆ ಅದಕ್ಕೆ ಮುಂಚಿನ ಮೂರು ದಶಕಗಳಲ್ಲಿ ಶಾಲೆಗಳ ಜೂಡೋ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡಿದ್ದರು. ಅನೇಕರಿಗೆ ಪೆಟ್ಟಾದದ್ದು ತಲೆಗೆ. ಬೀಳುವ ಬಗೆಯನ್ನು ಚೆನ್ನಾಗಿ ಕಲಿಸದೆ ಬೀಳಿಸುವುದನ್ನು ಕಲಿಸಿದರೆ ವಿದ್ಯೆಯೇ ಮೃತ್ಯುವಾಗುತ್ತದೆ. ಆದುದರಿಂದ ಹಬ್ಬದ ದಿನ ಹೆಂಚೊಡೆದು ತೋರಿಸುವವನೆಲ್ಲ ಗುರುವೆಂದು ನಂಬಿ ಮಕ್ಕಳನ್ನು ಒಪ್ಪಿಸಬಾರದು.

ಮೂರನೆಯದು ಅನ್ನ, ಅವಕಾಶ, ಕಾಲ. ಹಸಿದ ಹೊಟ್ಟೆಯ ಮಗುವಿನಿಂದ ಬಸ್ಕಿ ಹೊಡೆಸುವುದು ಶಿಕ್ಷಣವಲ್ಲ, ಹಿಂಸೆ. ಶಾಲೆಯ ಬಿಸಿಯೂಟವೂ, ೨೦೧೩ರಲ್ಲಿ ಮೊದಲಾದ ಹಾಲೂ ಈ ದೃಷ್ಟಿಯಿಂದ ವ್ಯಾಯಾಮದ ಮೊದಲ ಪಾಠಗಳೇ ಸರಿ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚುರುಕಾದ ಅಂಗಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ೨೦೧೬ರ ಲೆಕ್ಕದಂತೆ ಜಗತ್ತಿನ ೧೧ರಿಂದ ೧೭ ವರ್ಷದ ಮಕ್ಕಳಲ್ಲಿ ನೂರಕ್ಕೆ ೮೧ ಮಂದಿಗೆ ಅಷ್ಟು ದೊರೆಯುತ್ತಿರಲಿಲ್ಲ. ಹುಡುಗಿಯರ ಸ್ಥಿತಿ ಹುಡುಗರದಕ್ಕಿಂತ ಕೀಳು.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಒನಕೆ ಓಬವ್ವನ ಹೆಸರನ್ನು ಸಭೆಗಳಲ್ಲಿ ಕೂಗುವ ನಾವು ಮನೆಯ ಹುಡುಗಿ ಹನ್ನೆರಡು ತುಂಬಿದೊಡನೆ "ಓಡಬೇಡ, ಹಾರಬೇಡ" ಎನ್ನುತ್ತೇವೆ. ಆರರಿಂದ ಹನ್ನೆರಡನೆಯ ತರಗತಿಯ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮೂರು ತಿಂಗಳ ತರಬೇತಿಯುಂಟು. ಒಳ್ಳೆಯದೇ, ಆದರೆ ಮೂರು ತಿಂಗಳಲ್ಲಿ ಕಲಿತದ್ದು ಅಭ್ಯಾಸವಿಲ್ಲದಿದ್ದರೆ ಆರು ತಿಂಗಳಲ್ಲಿ ಮರೆಯುತ್ತದೆ. ಮರೆಯಾದ ಜಾಗ, ಉಡಲು ತಕ್ಕ ಬಟ್ಟೆ, ಶೌಚಗೃಹ, ಸಾಧ್ಯವಾದಲ್ಲಿ ಉಪಾಧ್ಯಾಯಿನಿ, ಇಷ್ಟು ಒದಗಿದರೆ "ಬರುವುದಿಲ್ಲ" ಎನ್ನಿಸಿಕೊಂಡ ಹುಡುಗಿಯರೇ ಮುಂದೆ ಬಂದಾರು.

ಕಾನೂನು ಇಲ್ಲವೇ? ಇದೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ಅನುಸೂಚಿಯು ಶಾಲೆಗೆ ಆಟದ ಬಯಲು ಬೇಕೆನ್ನುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕೆ ಮೀರಿ ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅಂಶಕಾಲಿಕ ಬೋಧಕನಾದರೂ ಇರಬೇಕೆನ್ನುತ್ತದೆ. ನ್ಯಾಯಾಲಯದ ಮೆಟ್ಟಿಲು ಹತ್ತಿಳಿದ ಅನುಭವದಿಂದ ನಾವು ಹೇಳುವುದಿಷ್ಟೇ: ಕೇಳುವವರಿಲ್ಲದ ಹಕ್ಕು ಕಾಗದದ ಮೇಲಿನ ಮಸಿ.

ಆದುದರಿಂದ ಉಪಾಧ್ಯಾಯ ಬಂಧುಗಳೇ, ವ್ಯಾಯಾಮದ ತಾಸನ್ನು ಗಣಿತಕ್ಕೆ ಸಾಲ ಕೊಡಬೇಡಿರಿ. ಆ ಸಾಲವನ್ನು ತೀರಿಸುವವರಾರೂ ಇಲ್ಲ. ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಚಿಕ್ಕ ಲೆಕ್ಕವನ್ನಿಡಿ: ಎಷ್ಟು ಓಡಿತು, ಎಷ್ಟು ಹಾರಿತು, ಮುಂದಿನ ತಿಂಗಳು ಎಷ್ಟು. ಊರ ಮಹನೀಯರೇ, ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ಹೋದಾಗ ಬಯಲೆಲ್ಲಿ, ಬೋಧಕನೆಲ್ಲಿ ಎಂದು ಕೇಳಿರಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಗಿಡವನ್ನು ಬಗ್ಗಿಸಬೇಕಾದ ಕೈ ನಮ್ಮದೆಂಬುದನ್ನು ಮಾತ್ರ ಮರೆತಿದ್ದೇವೆ. ಹೊಂಗೆಯ ನೆರಳಿನಲ್ಲಿ ಕುಳಿತಿರುವ ಆ ನಾಲ್ವತ್ತು ಮಕ್ಕಳು ಎದ್ದು ಬಯಲಿಗೆ ಬರುವ ದಿನವೇ ನಮ್ಮ ಶಾಲೆಗಳು ನಿಜವಾಗಿ ತೇರ್ಗಡೆಯಾದ ದಿನ.