ಬ್ರೋಕರ್ ಮಾತಿಗೊಂದು ತಾರೀಖು

ಸೈಟು ಮಾರುವವರ ಮಾತಿನ ವರಸೆ ನನಗೆ ಮೊದಲು ಪರಿಚಯವಾದದ್ದು ಒಂದು ಟೀ ಅಂಗಡಿಯ ಮುಂದೆ. ಬ್ರೋಕರ್ ಒಬ್ಬ ತನ್ನ ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದು, "ಇಲ್ಲಿ ರಿಂಗ್ ರೋಡು, ಇಲ್ಲಿ ನಿಮ್ಮ ಸೈಟು, ಮಧ್ಯೆ ಎರಡೇ ನಿಮಿಷ" ಎಂದು ನಮ್ಮ ಸೋದರಮಾವನಿಗೆ ತೋರಿಸಿದ್ದ. ಅದು ರೆವಿನ್ಯೂ ಸೈಟು, ಭೂಪರಿವರ್ತನೆಯೇ ಆಗಿರಲಿಲ್ಲ. ಎರಡು ವರ್ಷ ಬಿಟ್ಟು ಮಾವ ಹೋಗಿ ಕೇಳಿದರೆ, "ನಾನು ಹಾಗೆ ಹೇಳೇ ಇಲ್ವಲ್ಲ ಸಾರ್" ಅಂದ. ಹೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ನಕ್ಷೆ ಬರೆದ ಅಂಗೈಯೂ ಅವನದೇ.

ಅಂಥವರ ಮಕ್ಕಳ ತಲೆಮಾರು ಈಗ ಪಾಡ್‌ಕಾಸ್ಟ್ ಮಾಡುತ್ತಿದೆ. ಎರಡು ಕುರ್ಚಿ, ಎರಡು ಮೈಕು, ಮುಕ್ಕಾಲು ಗಂಟೆಯ ಮಾತು. ಎ ಖಾತಾಗೂ ಬಿ ಖಾತಾಗೂ ಏನು ವ್ಯತ್ಯಾಸ, ಇ.ಸಿ. ಎಷ್ಟು ವರ್ಷದ್ದು ತೆಗೆಸಬೇಕು, ಬ್ಯಾಂಕು ಯಾವ ಕಾಗದ ನೋಡಿ ಸಾಲ ಕೊಡುತ್ತದೆ. ಇದು ಪಾಠವೋ ವ್ಯಾಪಾರವೋ ಎಂದು ಅನುಮಾನಪಡುವವರು ಬಹಳ. ವ್ಯಾಪಾರವೇ, ಅದರಲ್ಲಿ ಮುಚ್ಚುಮರೆ ಏನಿದೆ? ನನ್ನನ್ನು ಕಾಡುವ ಪ್ರಶ್ನೆ ಬೇರೆ: ಮಾರುವವನೇ ಮೇಷ್ಟ್ರಾದರೆ ಕೊಳ್ಳುವವನಿಗೆ ಲಾಭವೋ ನಷ್ಟವೋ? ಲಾಭ ಎಂದೇ ನನ್ನ ವಾದ. ಆದರೆ ಅದಕ್ಕೆ ನಾನು ಕೊಡುವ ಕಾರಣವನ್ನು ಯಾವ ಪಾಡ್‌ಕಾಸ್ಟಿನವರೂ ತಮ್ಮ ಬಾಯಿಂದ ಹೇಳುವುದಿಲ್ಲ.

ಮೊದಲು, ಈ ಧಂದೆಗೆ ಈ ಮಾಧ್ಯಮ ಏಕೆ ಒಗ್ಗುತ್ತದೆ ನೋಡೋಣ. ಸೋಪು ಕೊಳ್ಳುವವನು ಅಂಗಡಿಯಲ್ಲಿ ನಿಂತ ಹಾಗೆಯೇ ತೀರ್ಮಾನಿಸುತ್ತಾನೆ. ಸೈಟು ಕೊಳ್ಳುವವನು ವರ್ಷವಿಡೀ ಭಾನುವಾರಗಳನ್ನು ಸವೆಸುತ್ತಾನೆ. ವಿಮಾನ ನಿಲ್ದಾಣದ ರಸ್ತೆಯ ಹೋರ್ಡಿಂಗ್ ಅವನಿಗೆ ಬೆಲೆ ಹೇಳೀತು, ಪೋಡಿ ಆಗದ ಜಮೀನಿನ ತಕರಾರು ಹೇಳಲಾರದು. ಅದಕ್ಕೆ ಸಮಯ ಬೇಕು. ಬೆಂಗಳೂರಿನವರ ಹತ್ತಿರ ಸಮಯ ಎಲ್ಲಿದೆ ಎನ್ನಬೇಡಿ, ಹೆಬ್ಬಾಳದಲ್ಲೂ ಸಿಲ್ಕ್ ಬೋರ್ಡಿನಲ್ಲೂ ದಿನಾ ಅದನ್ನೇ ಸುರಿಯುತ್ತಿದ್ದಾರೆ. ಕೈ ಸ್ಟೀರಿಂಗ್ ಮೇಲೆ, ಕಣ್ಣು ಮುಂದಿನ ಬಸ್ಸಿನ ಮೇಲೆ. ಖಾಲಿ ಇರುವುದು ಕಿವಿ ಒಂದೇ.

ಭಾಷೆಯ ಮಾತೂ ಇದೆ. ದೊಡ್ಡ ಬಿಲ್ಡರುಗಳ ಬ್ರೋಷರು ಇಂಗ್ಲಿಷಿನಲ್ಲಿ ಮಿನುಗುತ್ತದೆ, ಪಹಣಿ ಮಾತ್ರ ಕನ್ನಡದಲ್ಲಿರುತ್ತದೆ. ಹಿಸ್ಸಾ, ಖರಾಬು, ಗೋಮಾಳ, ಮ್ಯುಟೇಶನ್, ದರಖಾಸ್ತು ಇವೆಲ್ಲ ನಮ್ಮ ತಾಲ್ಲೂಕು ಕಚೇರಿಯಲ್ಲಿ ಹುಟ್ಟಿ ಬೆಳೆದ ಮಾತುಗಳು. ಹಾಸನದಿಂದಲೋ ದಾವಣಗೆರೆಯಿಂದಲೋ ಬಂದು ಮೊದಲ ಸೈಟು ಹುಡುಕುತ್ತಿರುವವನಿಗೆ ಗೋಮಾಳವನ್ನು ಕನ್ನಡದಲ್ಲಿ ವಿವರಿಸುವ ಒಂದು ದನಿ ಸಿಕ್ಕರೆ ಅವನು ಕಿವಿ ಕೊಟ್ಟೇ ಕೊಡುತ್ತಾನೆ.

ಅಪಾಯ ಇರುವುದೂ ಅಲ್ಲೇ. ಪ್ರತಿ ವಾರ ಕಿವಿಯೊಳಗೆ ಮಾತಾಡುವವನು ಕ್ರಮೇಣ ಮನೆಯವನಂತಾಗುತ್ತಾನೆ. ಅವನಿಗೆ ನಾವು ಯಾರೆಂದು ಗೊತ್ತಿಲ್ಲ, ನಮಗೆ ಮಾತ್ರ ಅವನ ಕೆಮ್ಮೂ ಪರಿಚಿತ. ಈ ಒಮ್ಮುಖ ಸ್ನೇಹವನ್ನು ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಷ್ಟು ಹಿಂದೆಯೇ, ರೇಡಿಯೋ ಟೀವಿಗಳನ್ನು ನೋಡಿ, ಗುರುತಿಸಿದ್ದರು. ರೇಡಿಯೋ ಸಿಲೋನಿನಲ್ಲಿ 1952ರಿಂದ ಅಮೀನ್ ಸಯಾನಿಯವರ ದನಿ ಹಾಡುಗಳ ಜೊತೆಗೆ ಬಿನಾಕಾ ಟೂತ್‌ಪೇಸ್ಟನ್ನೂ ಮನೆಮನೆಗೆ ಒಯ್ದದ್ದು ಇದೇ ಸಲುಗೆಯಲ್ಲಿ. ಪೇಸ್ಟು ಹಿಡಿಸದಿದ್ದರೆ ಮುಂದಿನ ತಿಂಗಳು ಬೇರೆಯದು ತಂದರಾಯಿತು. ಸೈಟು ಹಿಡಿಸದಿದ್ದರೆ?

ಕಾನೂನು ಇದನ್ನು ಒಂದಷ್ಟು ಯೋಚಿಸಿದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ ಪ್ರಕಾರ ಜಾಹೀರಾತು ಎಂದರೆ ಯಾವುದೇ ಮಾಧ್ಯಮದ, ಯಾವುದೇ ರೂಪದ ಪ್ರಚಾರ. ನೋಂದಣಿಯ ಅಗತ್ಯವಿರುವ ಯೋಜನೆಯನ್ನು ನೋಂದಾಯಿಸುವ ಮೊದಲೇ ಪ್ರಚಾರ ಮಾಡುವಂತಿಲ್ಲ ಎನ್ನುತ್ತದೆ 3ನೇ ಕಲಂ. ಜಾಹೀರಾತಿನಲ್ಲಿ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣಬೇಕು, ನೋಂದಣಿ ಸಂಖ್ಯೆಯೂ ಇರಬೇಕು ಎನ್ನುತ್ತದೆ 11ನೇ ಕಲಂ. ದನಿಯಲ್ಲಿ ಎದ್ದು ಕಾಣುವುದು ಹೇಗೆ? ಅಷ್ಟುದ್ದದ ಸಂಖ್ಯೆಯನ್ನು ಯಾರೂ ಓದಿ ಹೇಳುವುದಿಲ್ಲ, ಹೇಳಿದರೂ ಸಿಗ್ನಲ್ಲಿನಲ್ಲಿ ನಿಂತವನು ಬರೆದುಕೊಳ್ಳುವುದಿಲ್ಲ. ಇದರ ಜೊತೆಗೆ, "ದೇವನಹಳ್ಳಿ ಕಡೆ ಒಂದು ಒಳ್ಳೇ ಪ್ರಾಜೆಕ್ಟ್ ಬರ್ತಿದೆ, ಹೆಸರು ಈಗ ಹೇಳಲ್ಲ" ಎಂಬ ನಗುಮಾತಿನಲ್ಲಿ ಪ್ರೀ-ಲಾಂಚ್ ಪ್ರಚಾರ ಸಲೀಸಾಗಿ ನುಸುಳುತ್ತದೆ. ಜಾಹೀರಾತಿನವರ ಸ್ವನಿಯಂತ್ರಣ ಸಂಸ್ಥೆ ಎ.ಎಸ್.ಸಿ.ಐ. 2021ರಲ್ಲಿ, ದುಡ್ಡು ಪಡೆದು ಮಾಡುವ ಧ್ವನಿ ಪ್ರಚಾರವಾದರೆ ಮೊದಲಲ್ಲೂ ಕೊನೆಯಲ್ಲೂ ಹಾಗೆಂದು ಹೇಳಬೇಕು ಎಂದಿತು. ಒಳ್ಳೆಯದೇ. ಆದರೆ ಬಿಲ್ಡರೇ ನಡೆಸುವ ಪಾಡ್‌ಕಾಸ್ಟಿನಲ್ಲಿ ಅವನು ಬಿಲ್ಡರ್ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ನಂಬುತ್ತೇವೆ, ತೊಡಕು ಇರುವುದು ಅದರಲ್ಲಿ.

ಪಾಡ್‌ಕಾಸ್ಟಿನಲ್ಲಿ ಹಸಿ ಸುಳ್ಳು ಹೇಳುವವರು ಕಡಿಮೆ. ಸುಳ್ಳಿಗಿಂತ ಹೇಳದೆ ಬಿಟ್ಟದ್ದು ಹೆಚ್ಚು ಅಪಾಯಕಾರಿ. ಉದಾಹರಣೆಗೆ 'ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್' ನೋಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು. ಅಂದಿನಿಂದ ಸಕಲೇಶಪುರದ ಕಡೆ ಕಾಲು ಎಕರೆ ಕಾಫಿ, ಕನಕಪುರದ ಕಡೆ ಹತ್ತು ಗುಂಟೆ ಮಾವು ಎಂಬ ಮಾತು ಕಿವಿಗೆ ಬೀಳುತ್ತಲೇ ಇದೆ. ಇಂಥ ಮಾತನ್ನು ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಕೂತ ಕನ್ನಡಿಗನಿಗಿಂತ ಆಸೆಯಿಂದ ಕೇಳುವವರು ಬೇರೆ ಇಲ್ಲ. ಅನಿವಾಸಿ ಭಾರತೀಯರು ಇಲ್ಲಿ ಮನೆ, ಫ್ಲ್ಯಾಟು ಕೊಳ್ಳಬಹುದು; ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು ಅಷ್ಟೆ. ವಿದೇಶಿ ವಿನಿಮಯದ ನಿಯಮ ಇರುವುದೇ ಹಾಗೆ. ಮಂಜು, ಕಾಫಿ ಹೂವಿನ ಪರಿಮಳ ಎಂದು ಮುಕ್ಕಾಲು ಗಂಟೆ ಮಾತಾಡಿದವನು ಈ ಒಂದು ವಾಕ್ಯ ಬಿಟ್ಟರೆ ಅವನು ಆಡಿದ ಒಂದೊಂದು ಮಾತೂ ನಿಜವೇ, ಕೇಳಿದವನು ಮಾತ್ರ ಮೋಸಹೋಗುತ್ತಾನೆ. ಜಿಪಿಎ, ಅಂದರೆ ಅಧಿಕಾರಪತ್ರದ ಮೇಲೆ ಮಾರಾಟ ಮಾಡಿಕೊಡುತ್ತೇವೆ ಎನ್ನುವವರ ಕಥೆಯೂ ಇಷ್ಟೇ. ಅಂಥ ವ್ಯವಹಾರದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲೇ ಹೇಳಿಯಾಗಿದೆ.

ಇಷ್ಟೆಲ್ಲ ಇದ್ದೂ ಲಾಭ ಎಂದೆನಲ್ಲ, ಕಾರಣ ಇದು. ಟೀ ಅಂಗಡಿಯ ಮುಂದೆ ಆಡಿದ ಮಾತು ಗಾಳಿಗೆ ಹೋಗುತ್ತದೆ. ಪಾಡ್‌ಕಾಸ್ಟಿನಲ್ಲಿ ಆಡಿದ ಮಾತು ಅವನದೇ ದನಿಯಲ್ಲಿ, ತಾರೀಖಿನ ಸಮೇತ ಉಳಿಯುತ್ತದೆ. ಸುಳ್ಳು ಜಾಹೀರಾತನ್ನು ನಂಬಿ ದುಡ್ಡು ಕೊಟ್ಟವನು ಪರಿಹಾರ ಕೇಳಬಹುದು, ವ್ಯವಹಾರದಿಂದ ಹಿಂದೆ ಸರಿದು ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು ಎನ್ನುತ್ತದೆ ರೇರಾದ 12ನೇ ಕಲಂ. ನಮ್ಮ ಮಾವನಿಗೆ ಆಗ ಆ ಕಾಯ್ದೆಯೂ ಇರಲಿಲ್ಲ, ಆ ದನಿಯೂ ಉಳಿದಿರಲಿಲ್ಲ. ದಲ್ಲಾಳಿ ಮಾತು ತಾನಾಗಿಯೇ ಸಾಕ್ಷಿಯಾಗಿ ಸಂಗ್ರಹವಾಗುತ್ತಿರುವುದು ನಮ್ಮ ಭೂವ್ಯವಹಾರದಲ್ಲಿ ಹೊಸದು.

ಹಾಗಾಗಿ ಪಾಡ್‌ಕಾಸ್ಟನ್ನು ಅಳೆಯಲು ನಾನು ನೋಡುವುದು ಹಳೆಯ ಎಪಿಸೋಡುಗಳನ್ನು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮೆಟ್ರೋ ಗಡುವಿನ ಮೇಲೆ ಗಡುವು ದಾಟಿ ಕೊನೆಗೆ ಓಡಿದ್ದು 2025ರ ಆಗಸ್ಟಿನಲ್ಲಿ. "ಮುಂದಿನ ವರ್ಷ ಮೆಟ್ರೋ, ಈಗಲೇ ಹಾಕಿ" ಎಂದು ಅದಕ್ಕೂ ನಾಲ್ಕು ವರ್ಷ ಮೊದಲೇ ಹೇಳಿದವರ ಎಪಿಸೋಡು ಇನ್ನೂ ಇದೆಯೇ, ಅಳಿಸಿದ್ದಾರೆಯೇ? ತಪ್ಪಾದದ್ದು ದೊಡ್ಡದಲ್ಲ, ಸರ್ಕಾರದ ಗಡುವನ್ನು ನಂಬಿ ಯಾರು ತಾನೇ ಕೆಟ್ಟಿಲ್ಲ! ಆದರೆ ಅಳಿಸಿದವನು ಮತ್ತೆ ಅಂಗೈ ಮೇಲೆ ಗೆರೆ ಎಳೆಯುವವನೇ.

ವ್ಯಾಪಾರದ ಲೆಕ್ಕದಲ್ಲೂ ಉಳಿಸಿಕೊಂಡವನೇ ಗೆಲ್ಲುತ್ತಾನೆ ಎಂಬುದು ನನ್ನ ಅನಿಸಿಕೆ. ಬ್ರೋಕರ್ ಜೊತೆಗಿನ ವ್ಯವಹಾರ ಹೆಚ್ಚಿನವರ ಜೀವನದಲ್ಲಿ ಒಂದೇ ಸಲ. ಎರಡನೆಯ ಗಿರಾಕಿ ಬರುವುದು ಮೊದಲನೆಯವನ ಬಾಯಿಂದ. ಸಾವಿರ ಕೇಳುಗರಲ್ಲಿ ಕೊಳ್ಳುವವರು ಇಬ್ಬರಾದರೂ ಸಾಕು, ಉಳಿದವರು ಅವನ ಹೆಸರು ಹೇಳಿಕೊಂಡು ತಿರುಗುತ್ತಾರೆ. ಹತ್ತು ಸಾವಿರ ಕಿವಿ ಬೇಕೆಂದು ಒದ್ದಾಡುವವರಿಗೆ ಈ ಲೆಕ್ಕ ಹೊಳೆದಂತಿಲ್ಲ.

ಈಚೆಗೆ ಕಾರಿನಲ್ಲಿ ಮಾವ ಪಕ್ಕದಲ್ಲಿದ್ದರು. ನಾನು ಕೇಳುವ ಒಬ್ಬ ಲೇಔಟಿನವರ ಎಪಿಸೋಡು ಓಡುತ್ತಿತ್ತು. ಆ ಮನುಷ್ಯ ಮಾತು ಶುರುಮಾಡಿದ್ದೇ ತನ್ನ ಹಳೆಯ ಲೆಕ್ಕ ತಿದ್ದುತ್ತ: "ನೋಂದಣಿ ಶುಲ್ಕ ಶೇ. 1 ಅಂತ ನಾನೇ ಹೇಳಿದ್ದೆ. 2025ರ ಆಗಸ್ಟ್ 31ರಿಂದ ಅದು ಶೇ. 2 ಆಗಿದೆ. ಅರವತ್ತು ಲಕ್ಷದ ಸೈಟಿಗೆ ಅರವತ್ತು ಸಾವಿರ ಜಾಸ್ತಿ. ಕೈಯಲ್ಲಿ ಅಷ್ಟು ಇಲ್ಲದಿದ್ದರೆ ಈ ವರ್ಷ ಅವಸರ ಮಾಡಬೇಡಿ." ಮಾವ ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತಿದ್ದವರು ಈ ಕಡೆ ತಿರುಗಿದರು.

"ಯಾರೋ ಇವನು? ಇವನ ಲೇಔಟು ಎಲ್ಲಿದೆಯಂತೆ, ಸ್ವಲ್ಪ ನೋಡು."