ಕಟ್ಟದೆ ಉಳಿದ ಕಲಾಮಂದಿರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಸಾರ್ವಜನಿಕ ಕಟ್ಟಡ ಕಟ್ಟಲು ಹೊರಟವರ ಪಾಡನ್ನು ಕಂಡಿರಲಿಲ್ಲವೇನೋ. ಮನೆಗೆ ಒಬ್ಬ ಯಜಮಾನನಿರುತ್ತಾನೆ. ಗೃಹಪ್ರವೇಶದ ಮುಹೂರ್ತ ಅವನನ್ನು ಓಡಿಸುತ್ತದೆ. ಕಲಾಮಂದಿರಕ್ಕಾದರೋ ಒಂದು ಸಮಿತಿಯಿರುತ್ತದೆ, ಶಂಕುಸ್ಥಾಪನೆಯ ಫಲಕವಿರುತ್ತದೆ, ಆಮೇಲೆ ವರ್ಷಗಳು ಉರುಳುತ್ತವೆ. ‘ತಡವಾದರೇನು, ಒಂದಲ್ಲ ಒಂದು ದಿನ ಆಗಿಯೇ ಆಗುತ್ತದೆ’ ಎಂಬ ಸಮಾಧಾನದ ಮಾತು ಸಂಘಗಳ ವಾರ್ಷಿಕ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ಸಮಾಧಾನ ಎಷ್ಟು ಅಪಾಯಕಾರಿ ಎಂಬುದಕ್ಕೆ ರಾಜಧಾನಿಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಸ್ವಂತ ಕಟ್ಟಡದ ಕನಸು ಹೊತ್ತ ಹೊರನಾಡ ಕನ್ನಡಿಗರೆಲ್ಲರೂ ಅದನ್ನು ಗಮನಿಸಬೇಕೆಂದು ನನಗೆ ತೋರುತ್ತದೆ.

ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಚಾಲನೆ ದೊರೆತದ್ದು 1985ರ ನವೆಂಬರ್ 19ರಂದು. ಜನಪಥ ಮತ್ತು ಮಾನ್‌ಸಿಂಗ್ ರಸ್ತೆಗಳ ನಡುವೆ, ಅಂದಿನ ರಾಜಪಥದ ಮಗ್ಗುಲಲ್ಲಿ, ಸುಮಾರು 25 ಎಕರೆ ನೆಲ ಅದಕ್ಕೆ ಮೀಸಲಾಯಿತು. ದೆಹಲಿಯಲ್ಲಿ ಅದಕ್ಕಿಂತ ಬೆಲೆಬಾಳುವ ನೆಲ ಹುಡುಕಿದರೂ ಸಿಗಲಾರದು. ಕಪಿಲಾ ವಾತ್ಸ್ಯಾಯನರಂತಹ ವಿದ್ವಾಂಸರು ಅದರ ಬೌದ್ಧಿಕ ರೂಪುರೇಷೆಯನ್ನು ಹಾಕಿಕೊಟ್ಟರು. 1986ರಲ್ಲಿ ನಡೆದ ಅಂತರರಾಷ್ಟ್ರೀಯ ವಿನ್ಯಾಸ ಸ್ಪರ್ಧೆಯಲ್ಲಿ ಅಮೆರಿಕದ ವಾಸ್ತುಶಿಲ್ಪಿ ರಾಲ್ಫ್ ಲರ್ನರ್ ಗೆದ್ದರು. ಗ್ರಂಥಾಲಯ, ರಂಗಮಂದಿರಗಳು, ಪ್ರದರ್ಶನಾಲಯಗಳು, ಸಂಶೋಧನಾ ವಿಭಾಗಗಳು ಎಲ್ಲವೂ ಒಂದೇ ಆವರಣದಲ್ಲಿ ಎದ್ದುನಿಲ್ಲಬೇಕೆಂಬುದು ಆಶಯವಾಗಿತ್ತು. ಗ್ರಂಥಾಲಯದ ಕಟ್ಟಡ ತೆರೆದದ್ದು 2001ರಲ್ಲಿ. ಆ ಭವ್ಯ ವಿನ್ಯಾಸದಲ್ಲಿ ಪೂರ್ಣಗೊಂಡು ಬಳಕೆಗೆ ಬಂದದ್ದು ಮುಖ್ಯವಾಗಿ ಅದೊಂದೇ ಭಾಗ. ಸೆಂಟ್ರಲ್ ವಿಸ್ಟಾ ಪುನರ್ನಿರ್ಮಾಣದ ಯೋಜನೆ ಬಂದಾಗ ಆ ನೆಲ ಕೇಂದ್ರ ಸಚಿವಾಲಯದ ಹೊಸ ಕಟ್ಟಡಗಳಿಗೆ ಗೊತ್ತಾಯಿತು. ಕಲಾ ಕೇಂದ್ರ ಹಳೆಯ ಜನಪಥ್ ಹೋಟೆಲಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. 2025ರ ಆಗಸ್ಟ್ 6ರಂದು ಉದ್ಘಾಟನೆಗೊಂಡ ಕರ್ತವ್ಯ ಭವನ-3 ಇಂದು ಅಲ್ಲಿ ನಿಂತಿದೆ.

ನಾನು ಕೇಂದ್ರ ಸರ್ಕಾರದ ಅಧಿಕಾರಿ. ಕಚೇರಿಗಳ ಅಗತ್ಯವನ್ನು ಅಲ್ಲಗಳೆಯುವುದು ನನ್ನಿಂದಾಗದು. ಇಲಾಖೆಗಳು ನಗರದ ತುಂಬ ಚದುರಿಹೋಗಿ, ಒಂದು ಕಡತ ನಾಲ್ಕು ಕಟ್ಟಡಗಳನ್ನು ಸುತ್ತಬೇಕಾದ ಸ್ಥಿತಿಯನ್ನು ನಾನೂ ಅನುಭವಿಸಿದ್ದೇನೆ. ನನ್ನ ಪ್ರಶ್ನೆ ಬೇರೆ. ರಂಗಮಂದಿರವೂ ಪ್ರದರ್ಶನಾಲಯವೂ ಅಲ್ಲಿ ಕಾಲಕ್ಕೆ ಸರಿಯಾಗಿ ಎದ್ದುನಿಂತು, ಮೂವತ್ತು ವರ್ಷ ನಾಟಕ ನಡೆದು, ದೆಹಲಿಯ ಎರಡು ತಲೆಮಾರು ಅಲ್ಲಿ ಕುಳಿತು ಸಂಗೀತ ಕೇಳಿದ್ದರೆ, ಆ ನೆಲವನ್ನು ಬೇರೆ ಕೆಲಸಕ್ಕೆ ಗುರುತಿಸುವುದು ಅಷ್ಟು ಸುಲಭವಾಗುತ್ತಿತ್ತೆ? ಕಟ್ಟದ ರಂಗಮಂದಿರಕ್ಕೆ ಪ್ರೇಕ್ಷಕರಿಲ್ಲ. ಪ್ರೇಕ್ಷಕರಿಲ್ಲದ ಮಂದಿರ ಹೋಯಿತೆಂದು ಕಣ್ಣೀರಿಡುವವರೂ ಇಲ್ಲ.

ಮೂರು ದಶಕ ಕಡತಗಳ ನಡುವೆ ಕಳೆದ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಯೋಜನೆಗಳನ್ನು ಬೇಡವೆನ್ನುವವರು ಕಡಿಮೆ, ಮುಂದೂಡುವವರು ಹೆಚ್ಚು. ಅಂದಾಜು ಪಟ್ಟಿ ಹಳೆಯ ದರದ್ದೆಂದು ಹಿಂದಿರುಗುತ್ತದೆ. ಪರಿಷ್ಕೃತ ಪಟ್ಟಿಗೆ ಮಂಜೂರಾತಿ ಬರುವಷ್ಟರಲ್ಲಿ ಸಿಮೆಂಟು, ಕಬ್ಬಿಣದ ಬೆಲೆ ಮತ್ತೆ ಏರಿರುತ್ತದೆ. ಖರ್ಚಾಗದ ಹಣ ಮಾರ್ಚ್ 31ಕ್ಕೆ ಹಿಂದಕ್ಕೆ ಹೋಗುತ್ತದೆ. ಕಳೆದ ವರ್ಷದ್ದೇ ಖರ್ಚಾಗಲಿಲ್ಲವೆಂಬ ಕಾರಣಕ್ಕೆ ಮರುವರ್ಷದ ಅನುದಾನ ಕುಗ್ಗುತ್ತದೆ. ಆಸ್ಥೆಯಿಂದ ಬೆನ್ನು ಹತ್ತಿದ ಅಧಿಕಾರಿಗೆ ವರ್ಗವಾಗುತ್ತದೆ. ಇಲ್ಲಿ ಯಾರನ್ನೂ ಖಳನೆನ್ನಲಾಗದು. ಎಲ್ಲರೂ ನಿಯಮದಂತೆಯೇ ನಡೆದುಕೊಂಡಿರುತ್ತಾರೆ. ಕಟ್ಟಡ ಮಾತ್ರ ಆಗಿರುವುದಿಲ್ಲ.

ಸಂಸ್ಥೆಯೆಂದರೆ ಕಟ್ಟಡವಲ್ಲ, ಕೆಲಸ ಎಂದು ಕೆಲವರು ವಾದಿಸಬಹುದು. ಅದರಲ್ಲಿ ಸತ್ಯಾಂಶವಿದೆ. ಸುನೀತಿಕುಮಾರ ಚಟರ್ಜಿಯವರ ಗ್ರಂಥಸಂಗ್ರಹ, ಹಸ್ತಪ್ರತಿಗಳ ಮೈಕ್ರೋಫಿಲ್ಮುಗಳು ಆ ಕೇಂದ್ರದ ಅಮೂಲ್ಯ ಆಸ್ತಿ. ಬೆಂಗಳೂರಿನಲ್ಲಿ ಅದರದೊಂದು ಪ್ರಾದೇಶಿಕ ಕೇಂದ್ರವೂ ಇದೆ. ಗ್ರಂಥಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು. ಆದರೆ ಯಕ್ಷಗಾನದ ಹೆಜ್ಜೆಗೆ ನೆಲ ಬೇಕು, ನಾಟಕಕ್ಕೆ ರಂಗ ಬೇಕು. ಬಾಡಿಗೆ ಸಭಾಂಗಣದಲ್ಲಿ ರಾಜ್ಯೋತ್ಸವ ನಡೆಸಿ, ಗಂಟೆ ಒಂಬತ್ತಾಯಿತೆಂದು ದೀಪ ಆರಿಸುವ ಕಾವಲುಗಾರನ ಮುಖ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಡವಾದುದೆಲ್ಲ ಕೆಟ್ಟೇ ಹೋಗುತ್ತದೆಂದು ನಾನು ಹೇಳುತ್ತಿಲ್ಲ. ಸಿಡ್ನಿಯ ಒಪೇರಾ ಹೌಸ್ ಕಾಮಗಾರಿ 1959ರಲ್ಲಿ ಆರಂಭವಾಗಿ, ನಿಗದಿತ ಅವಧಿಗಿಂತ ಹತ್ತು ವರ್ಷ ತಡವಾಗಿ 1973ರಲ್ಲಿ ಮುಗಿಯಿತು. 70 ಲಕ್ಷ ಆಸ್ಟ್ರೇಲಿಯನ್ ಡಾಲರಿನ ಅಂದಾಜು 10 ಕೋಟಿ 20 ಲಕ್ಷಕ್ಕೆ ಮುಟ್ಟಿತು. ವಾಸ್ತುಶಿಲ್ಪಿ ಯೋರ್ನ್ ಉಟ್ಜಾನ್ 1966ರಲ್ಲಿಯೇ ಕೆಲಸ ಬಿಟ್ಟು ಹೋದರು. ಆದರೂ ಅದು ನಿಲ್ಲಲಿಲ್ಲ. ಅದಕ್ಕೆಂದೇ ನಡೆಸಿದ ಲಾಟರಿಯ ಹಣ ಹರಿದುಬರುತ್ತಿತ್ತು; ನಗರದ ಜನ ಟಿಕೆಟು ಕೊಂಡು ಅದರಲ್ಲಿ ಪಾಲುದಾರರಾಗಿದ್ದರು. ನಮ್ಮ ರವೀಂದ್ರ ಕಲಾಕ್ಷೇತ್ರವೂ ಠಾಕೂರರ ಜನ್ಮಶತಾಬ್ದಿಯ ನೆನಪಿಗೆಂದು ಹುಟ್ಟಿದ್ದು. ಶತಾಬ್ದಿ 1961ರಲ್ಲಿ ಬಂದುಹೋಯಿತು, ಕಟ್ಟಡ ತೆರೆದದ್ದು 1963ರಲ್ಲಿ. ಆ ಎರಡು ವರ್ಷದ ವಿಳಂಬ ಇಂದು ಯಾರಿಗೂ ನೆನಪಿಲ್ಲ. 1972ರಲ್ಲಿ ಅದರ ಹಿಂಬದಿಯ ಬಯಲಿನಲ್ಲಿ ಬಿ.ವಿ. ಕಾರಂತರು ಆಡಿಸಿದ ನಾಟಕಗಳು ಮಾತ್ರ ನೆನಪಿನಲ್ಲಿವೆ. ಗೋಡೆ, ಛಾವಣಿಗಳಿಲ್ಲದ ಆ ಬಯಲೂ ಜನರ ಬಳಕೆಯಿಂದ ರಂಗವಾಯಿತು.

ಹೊರನಾಡ ಸಂಘಗಳಿಗೆ ಇದರಿಂದ ಕಲಿಯಬೇಕಾದುದು ಬಹಳವಿದೆ. ಮಹಾನಗರಗಳಲ್ಲಿ ಸಂಸ್ಥೆಗಳಿಗೆ ದೊರೆಯುವ ನಿವೇಶನದ ಗುತ್ತಿಗೆ ಪತ್ರಗಳಲ್ಲಿ ಇಂತಿಷ್ಟು ವರ್ಷದೊಳಗೆ ಕಟ್ಟಬೇಕೆಂಬ, ಇಂಥದಕ್ಕೇ ಬಳಸಬೇಕೆಂಬ ಷರತ್ತುಗಳು ಸಾಮಾನ್ಯ. ವಿಳಂಬದಿಂದ ಆ ಹಕ್ಕಿಗೇ ಕುತ್ತು ಬರಬಹುದು. ಇನ್ನೊಂದು ಅಪಾಯ ಒಳಗಿನಿಂದಲೇ ಬರುತ್ತದೆ. ಹಣ ಸಾಲದಾದಾಗ ‘ಮೊದಲು ಮದುವೆ ಮಂಟಪ ಕಟ್ಟೋಣ, ಬಾಡಿಗೆ ಬರಲಿ, ರಂಗಮಂದಿರ ಆಮೇಲಾಗಲಿ’ ಎಂಬ ಸಲಹೆ ಏಳುತ್ತದೆ. ಕೇಳಲು ವ್ಯಾವಹಾರಿಕ ಜಾಣತನವೇ. ಆದರೆ ಆ ‘ಆಮೇಲೆ’ ಬಹುಮಟ್ಟಿಗೆ ಬರುವುದೇ ಇಲ್ಲ. ಯಾವ ಉದ್ದೇಶಕ್ಕೆ ನೆಲ ಪಡೆದೆವೋ ಆ ಉದ್ದೇಶ ಕೊನೆಯ ಮಹಡಿಗೆ ಹೋಗಿ, ಕೊನೆಗೆ ನಕ್ಷೆಯಲ್ಲಿ ಮಾತ್ರ ಉಳಿಯುತ್ತದೆ.

ಆದ್ದರಿಂದ ಕಟ್ಟಡ ಸಮಿತಿಗಳಲ್ಲಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ರಂಗವನ್ನೂ ವಾಚನಾಲಯವನ್ನೂ ಮೊದಲು ಕಟ್ಟಿರಿ, ಚಿಕ್ಕದಾದರೂ ಸರಿ. ಕಟ್ಟಡ ನಿಧಿಯನ್ನು ಬೇರೆ ಖಾತೆಯಲ್ಲಿಟ್ಟು, ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದನ್ನು ಪ್ರತಿ ತ್ರೈಮಾಸಿಕ ಸಂಚಿಕೆಯಲ್ಲಿ ಅಚ್ಚುಹಾಕಿರಿ. ಗೋಡೆಗೆ ಗಿಲಾವು ಆಗದಿದ್ದರೂ ಚಿಂತೆಯಿಲ್ಲ. ಅಲ್ಲಿಯೇ ಜಮಖಾನ ಹಾಸಿ ಮಕ್ಕಳಿಗೆ ಕನ್ನಡ ಕಲಿಸಿರಿ, ತಾಳಮದ್ದಳೆ ನಡೆಸಿರಿ. ಸದಸ್ಯರಾದ ನಾವೂ ಕೇವಲ ಚಂದಾ ಕೊಟ್ಟು ಸುಮ್ಮನಿರಬಾರದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ‘ಯಾವಾಗ ಮುಗಿಯುತ್ತದೆ’ ಎಂದು ಕೇಳುವುದರ ಜೊತೆಗೆ ‘ಈ ತಿಂಗಳು ಅಲ್ಲಿ ಏನು ನಡೆಯುತ್ತದೆ’ ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಗೆ ಉತ್ತರವಿರುವ ನಿವೇಶನದ ಮೇಲೆ ಬೇರೆಯವರ ಕಣ್ಣು ಅಷ್ಟು ಸುಲಭವಾಗಿ ಬೀಳಲಾರದು.