ಮದುವೆಯ ಸಿ.ಡಿ. ಎಲ್ಲಿದೆ?

ನಿಮ್ಮ ಮದುವೆಯ ವೀಡಿಯೋ ಈಗ ಎಲ್ಲಿದೆ? ಒಮ್ಮೆ ಎದ್ದು ಹೋಗಿ ಕಪಾಟು ತೆರೆದು ನೋಡಿ. ಕ್ಯಾಸೆಟ್ ಆಗಿದ್ದರೆ ಟೇಪಿನ ಮೇಲೆ ಬಿಳಿ ಬೂಸ್ಟು ಹಿಡಿದಿರಬಹುದು. ಸಿ.ಡಿ. ಆಗಿದ್ದರೆ ಅದನ್ನು ಹಾಕಿ ನೋಡಲು ಮನೆಯಲ್ಲಿ ಪ್ಲೇಯರೇ ಇರಲಿಕ್ಕಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸಹೋದರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಬರುವ ಊರಿನಲ್ಲಿ ಕ್ಯಾಸೆಟ್ಟನ್ನು ಮಾತ್ರ ಅದು ಬಿಟ್ಟೀತೇ?

“ಈಗ ಎಲ್ಲವೂ ಮೊಬೈಲಿನಲ್ಲಿದೆಯಲ್ಲ” ಎನ್ನುತ್ತೀರಿ. ಯಾರ ಮೊಬೈಲಿನಲ್ಲಿ? ಮಗ ಬೆಂಗಳೂರಿಗೆ ಹೋದರೆ ಫೋಟೊಗಳೂ ಅವನ ಜೊತೆ ಹೋದವು. ಫೋನ್ ನೀರಿಗೆ ಬಿದ್ದರೆ ತೀರಿಹೋದ ತಂದೆಯ ಧ್ವನಿಯೂ ಅದರೊಂದಿಗೆ ಹೋಯಿತು. ಇಂಟರ್ನೆಟ್‌ನಲ್ಲಿ ಇಡೋಣವೆಂದರೆ, ಮದರಂಗಿಯ ರಾತ್ರಿ ಮನೆಯ ಹೆಣ್ಣುಮಕ್ಕಳು ತಮ್ಮವರ ನಡುವೆ ನಿರಾಳವಾಗಿ ಕುಳಿತ ಚಿತ್ರಗಳನ್ನು ಹೊರಗೆ ಕಳುಹಿಸಲು ಮನಸ್ಸಾಗುವುದಿಲ್ಲ. ಆ ಹಿಂಜರಿಕೆಯನ್ನು ನಾನಂತೂ ಹಳೆಯ ಕಾಲದ ಭಯವೆಂದು ತಳ್ಳಿಹಾಕಲಾರೆ.

ಇದಕ್ಕೆ ಒಂದು ದಾರಿಯಿದೆ. ಮನೆಯಲ್ಲೇ ಒಂದು ಪುಟ್ಟ ಸರ್ವರ್ ಇಟ್ಟುಕೊಳ್ಳುವುದು. ಹೆಸರು ಕೇಳಿ ಗಾಬರಿಯಾಗಬೇಡಿ. ಒಂದು ಸಣ್ಣ ಕಂಪ್ಯೂಟರು, ಅದಕ್ಕೆ ಜೋಡಿಸಿದ ಒಂದು ಹಾರ್ಡ್ ಡಿಸ್ಕ್, ಅಷ್ಟೇ. ಅದರಲ್ಲಿರುವ ವೀಡಿಯೋವನ್ನು ವೈ-ಫೈ ಮೂಲಕ ಅಡುಗೆಮನೆಯ ಫೋನಿನಲ್ಲೂ ನೋಡಬಹುದು, ಹಜಾರದ ಟಿ.ವಿ.ಯಲ್ಲೂ ನೋಡಬಹುದು.

ವೈ-ಫೈ ಎಂದರೆ ಇಂಟರ್ನೆಟ್ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ವೈ-ಫೈ ಮನೆಯೊಳಗಿನ ದಾರಿ. ಇಂಟರ್ನೆಟ್ ಗೇಟಿನ ಹೊರಗಿನ ರಸ್ತೆ. ಮರ ಬಿದ್ದು ಕೇಬಲ್ ತುಂಡಾಗಿ ವಾರಗಟ್ಟಲೆ ಹೊರಗಿನ ರಸ್ತೆ ಮುಚ್ಚಿದ್ದರೂ ಮನೆಯೊಳಗಿನ ಓಡಾಟ ನಿಲ್ಲುವುದಿಲ್ಲ. ಬಾಳೆಹೊನ್ನೂರು, ಜಯಪುರ, ಕಿಗ್ಗದಂತಹ ಕಡೆ ಇದು ದೊಡ್ಡ ಅನುಕೂಲ.

ಕರೆಂಟು ಬಿಲ್ಲಿನ ಚಿಂತೆಯೇ? ಹಳೆಯ ಡೆಸ್ಕ್‌ಟಾಪ್ 80 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ಹಗಲು ರಾತ್ರಿ ಇಟ್ಟರೆ ತಿಂಗಳಿಗೆ 57 ಯೂನಿಟ್ ದಾಟುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತವೆಂದರೂ, ಪ್ರತಿ ಮನೆಯ ಮಿತಿಯನ್ನು ಗೊತ್ತುಮಾಡಿದ್ದು ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ. ಆದ್ದರಿಂದ ಡೆಸ್ಕ್‌ಟಾಪಿನ ಗೋಜು ಬೇಡ. ರಾಸ್ಪ್‌ಬೆರಿ ಪೈ ಎಂಬ, ಎಟಿಎಂ ಕಾರ್ಡಿನಷ್ಟೇ ಅಗಲದ ಕಂಪ್ಯೂಟರೊಂದಿದೆ. ಮಕ್ಕಳು ಕಂಪ್ಯೂಟರ್ ಕಲಿಯಲೆಂದು ಬ್ರಿಟನ್ನಿನಲ್ಲಿ 2012ರಲ್ಲಿ ಅದನ್ನು ಹೊರತಂದರು. 2019ರಲ್ಲಿ ಬಂದ ಅದರ ನಾಲ್ಕನೆಯ ಮಾದರಿ ಇಂತಹ ಕೆಲಸಕ್ಕೆ ಧಾರಾಳ ಸಾಕು. ಹಾರ್ಡ್ ಡಿಸ್ಕ್ ಸೇರಿ 8 ವ್ಯಾಟ್ ಎಂದುಕೊಂಡರೂ ತಿಂಗಳಿಗೆ 6 ಯೂನಿಟ್ ಆಗದು. ಒಂದು ಎಲ್‌ಇಡಿ ಬಲ್ಬಿನ ಖರ್ಚು. ಇನ್ವರ್ಟರಿಗೂ ಅದೊಂದು ಹೊರೆಯಲ್ಲ.

ಆದರೆ ಹೊಸದನ್ನು ಕೊಳ್ಳುವ ಮೊದಲು ಅಟ್ಟದಲ್ಲಿ ನೋಡಿ. ಮಗಳು ಕಾಲೇಜಿಗೆ ಒಯ್ಯುತ್ತಿದ್ದ, ಪರದೆ ಒಡೆದ ಲ್ಯಾಪ್‌ಟಾಪ್ ಇದ್ದರೆ ಅದೇ ಸಾಕು. ಕರೆಂಟು ಸ್ವಲ್ಪ ಹೆಚ್ಚು ಬೇಕು, ನಿಜ. ಬ್ಯಾಟರಿ ಚೆನ್ನಾಗಿದ್ದರೆ ಕರೆಂಟು ಹೋದಾಗಲೂ ತಟ್ಟನೆ ಆರುವುದಿಲ್ಲ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಮುಟ್ಟಬೇಡಿ, ರಿಪೇರಿಯವರಿಗೆ ಕೊಟ್ಟು ತೆಗೆಸಿ.

ಜೆಲ್ಲಿಫಿನ್ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಿ. 2018ರಿಂದ ಇದೆ, ಪೂರ್ತಿ ಉಚಿತ. ಅದನ್ನು ಕೂರಿಸುವಾಗ ಇಂಟರ್ನೆಟ್ ಬೇಕು, ಆಮೇಲೆ ಬೇಕಿಲ್ಲ. ಕಂಪ್ಯೂಟರ್ ಓದುತ್ತಿರುವ ಮಕ್ಕಳಿಗೆ ಒಂದು ಸಂಜೆಯ ಕೆಲಸ. ಮನೆಯ ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಬಹುದು. ಮದರಂಗಿಯ ರಾತ್ರಿಯ ವೀಡಿಯೋ ಯಾರ ಹೆಸರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂದು ನೀವೇ ನಿಶ್ಚಯಿಸಬಹುದು. ಡೌನ್‌ಲೋಡ್ ಮಾಡುವುದನ್ನೂ ತಡೆಯಬಹುದು. ಪರದೆಯನ್ನೇ ಇನ್ನೊಂದು ಫೋನಿನಲ್ಲಿ ಚಿತ್ರಿಸಿಕೊಳ್ಳುವವರನ್ನು ಯಾವ ತಂತ್ರಾಂಶವೂ ತಡೆಯದು. ಆದ್ದರಿಂದ ಆ ಪಾಸ್‌ವರ್ಡುಗಳು ನಿಮ್ಮ ಕೈಯಲ್ಲಿರಲಿ, ಮಗನ ಕೈಯಲ್ಲಲ್ಲ. ಹೊರಗಿನಿಂದಲೂ ನೋಡುವಂತೆ ಮಾಡಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡವೆನ್ನಿ.

ಹಳೆಯ ಸಿ.ಡಿ.ಗಳನ್ನು ಒಮ್ಮೆ ಕಂಪ್ಯೂಟರಿನಲ್ಲಿ ಎಂಪಿ4 ಆಗಿ ಬದಲಿಸಿ ಹಾಕಿದರೆ ಪುಟ್ಟ ಸರ್ವರಿಗೆ ಶ್ರಮವಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಗಲ್ಫಿನಿಂದ ಗಂಡಸರು ಮಾತು ತುಂಬಿಸಿ ಕಳುಹಿಸುತ್ತಿದ್ದ ಆಡಿಯೋ ಕ್ಯಾಸೆಟ್ಟುಗಳು ಉಳಿದಿದ್ದರೆ ಮೊದಲು ಅವನ್ನು ಎತ್ತಿಕೊಳ್ಳಿ. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವಯರು ಎಳೆದು ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಬಹುದು. ಬೂಸ್ಟು ಹಿಡಿದ ಟೇಪನ್ನು ಮಾತ್ರ ಹಾಗೆಯೇ ಓಡಿಸಬೇಡಿ. ಟೇಪೂ ಹಾಳು, ಯಂತ್ರವೂ ಹಾಳು. ತಿಳಿದವರಿಂದ ಶುಚಿ ಮಾಡಿಸಿ.

ಗುಡುಗು ಕೇಳಿದೊಡನೆ ಸರ್ವರನ್ನು ಆರಿಸಿ ಪ್ಲಗ್ ಕೀಳಿರಿ, ರೂಟರಿನದ್ದೂ. ಹಾರ್ಡ್ ಡಿಸ್ಕ್ ಎಂದಾದರೊಂದು ದಿನ ಕೆಡುವಂಥದ್ದೇ. ಎಲ್ಲದರ ಇನ್ನೊಂದು ಪ್ರತಿ ಮತ್ತೊಂದು ಡಿಸ್ಕಿನಲ್ಲಿರಲಿ, ಅದು ಬೇರೆ ಮನೆಯಲ್ಲಿರಲಿ. ನೀವು ಕೊಪ್ಪದಲ್ಲಿದ್ದು ತಂಗಿಯನ್ನು ಶೃಂಗೇರಿಗೆ ಕೊಟ್ಟಿದ್ದರೆ ಅವಳ ಕಪಾಟಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿಸಿ.

ಇಷ್ಟಾದ ಮೇಲೆ ಒಂದು ಕೆಲಸ ಉಳಿಯುತ್ತದೆ, ಅದು ಯಂತ್ರದಿಂದ ಆಗದು. ಹಳೆಯ ಚಿತ್ರಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತವರು ಯಾರು ಯಾರು ಎಂದು ಬಲ್ಲವರು ಮನೆಯ ಅಜ್ಜಿ ಒಬ್ಬರೇ. ಅವರನ್ನು ಟಿ.ವಿ.ಯ ಮುಂದೆ ಕೂರಿಸಿ, ಮೊಮ್ಮಗಳ ಕೈಗೆ ಒಂದು ಪುಸ್ತಕ ಪೆನ್ನು ಕೊಡಿ.